ಸಿಗರೇಟು ಬಿಟ್ಟ ಮೇಲೆ ಮನಸ್ಸಿಗಾಗುವ ಸಂಕಟ: ಕೊಡಗಿನ ಕೆಲವರ ಅನುಭವ

ಸುಂಟಿಕೊಪ್ಪದಿಂದ ಕೇಳಿದವರು

ಹದಿನಾರು ವರ್ಷ ದಿನಕ್ಕೆ ಹನ್ನೆರಡು, ಹದಿನೈದು ಸಿಗರೇಟು ಸೇದುತ್ತಿದ್ದ ನಾನು ಅದನ್ನು ಬಿಟ್ಟು ಇಂದಿಗೆ 19 ದಿನಗಳಾದವು. ಕೆಮ್ಮು ಕಡಿಮೆಯಾಗಿದೆ, ಊಟ ರುಚಿಸುತ್ತಿದೆ, ಆದರೆ ಮನಸ್ಸು ಮಾತ್ರ ಹತೋಟಿಗೆ ಬರುತ್ತಿಲ್ಲ. ಪೆನ್ಸಿಲ್ ಕಳೆದುಕೊಂಡಳೆಂದು ನಿನ್ನೆ ಮಗಳ ಮೇಲೆ ಮನೆ ಅದುರುವಂತೆ ಕೂಗಾಡಿದೆ. ಅರ್ಧ ಗಂಟೆಯ ನಂತರ ಕೊಟ್ಟಿಗೆಯ ಹಿಂದೆ ನಿಂತು ಅತ್ತೆ. ಈ ಮಳೆಯ ಸಂಜೆಗಳಲ್ಲಿ ಹತ್ತಿರದವರು ಯಾರೋ ತೀರಿಕೊಂಡಂತೆ ಅನಿಸುತ್ತದೆ. ಬಿಟ್ಟವರು ಈ ದಿನಗಳನ್ನು ಹೇಗೆ ದಾಟಿದಿರಿ ಎಂದು ದಯವಿಟ್ಟು ತಿಳಿಸಿ.

ನಾಪೋಕ್ಲು ಕಡೆಯವರೊಬ್ಬರು

ತಾವು ಕೊಟ್ಟಿಗೆಯ ಹಿಂದೆ ನಿಂತು ಅತ್ತದ್ದನ್ನು ಓದಿ ನನಗೆ 2014ರ ಕಕ್ಕಡ ತಿಂಗಳು ನೆನಪಾಯಿತು. ನಾನು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ಇಪ್ಪತ್ತೆರಡು ವರ್ಷ ಸೇದಿ, ಹಗಲೂ ರಾತ್ರಿ ಬಿಡದೆ ಮಳೆ ಹೊಡೆಯುತ್ತಿದ್ದ ಆ ಆಗಸ್ಟ್‌ನಲ್ಲಿ ಬಿಟ್ಟೆ. ಆಗ ನನ್ನನ್ನು ಹೆಚ್ಚು ಹೆದರಿಸಿದ್ದು, ನಾನು ಮೊದಲಿನಿಂದಲೂ ಇಂಥ ಮುಂಗೋಪಿಯೇ ಆಗಿದ್ದೆನೋ, ಸಿಗರೇಟು ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತೋ ಎಂಬ ಅನುಮಾನ. ತಮಗೂ ಆ ಅನುಮಾನ ಬಂದಿದ್ದರೆ ದಯವಿಟ್ಟು ಅದನ್ನು ನಂಬಬೇಡಿ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆ ಇಳಿತದಿಂದ ಹುಟ್ಟುವ ಚಡಪಡಿಕೆಯನ್ನು ಮುಂದಿನ ಸಿಗರೇಟು ತಣಿಸುತ್ತದೆ, ಸಿಗರೇಟೇ ಹುಟ್ಟಿಸಿದ ಸಂಕಟವನ್ನು ಸಿಗರೇಟೇ ಕಳೆದಾಗ ನಾವು ಅದಕ್ಕೆ ನೆಮ್ಮದಿ ಎಂದು ಹೆಸರಿಡುತ್ತೇವೆ. ಬಿಟ್ಟ ಮೊದಲ ವಾರದಲ್ಲಿ ಸಿಟ್ಟು, ಆತಂಕ, ಬೇಸರ, ನಿದ್ದೆಗೇಡು ಎಲ್ಲವೂ ತುದಿಗೇರುತ್ತವೆ, ಹೆಚ್ಚಿನವರಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಹಾಗಾಗಿ ತಾವು ಹೊಳೆಯ ಸೆಳೆತವಿರುವ ಭಾಗವನ್ನು ಬಹುಮಟ್ಟಿಗೆ ದಾಟಿದ್ದೀರಿ.

ಮನೆಯವರಿಗೆ ಇದನ್ನು ಹೇಳಿದ್ದೀರೋ ಇಲ್ಲವೋ ಬರೆದಿಲ್ಲ. ನಾನು ಹೇಳಿರಲಿಲ್ಲ, ಗಂಡಸು ತನ್ನ ಚಟವನ್ನು ತಾನೇ ಸದ್ದಿಲ್ಲದೆ ಬಿಡಬೇಕು ಎಂದುಕೊಂಡಿದ್ದೆ. ಆರನೆಯ ದಿನ ನನ್ನ ಮಗ ತಟ್ಟೆ ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲ ಮರೆಯಲ್ಲಿ ಕುಳಿತು ಉಣ್ಣುವುದನ್ನು ಕಂಡ ಮೇಲೆ, ಎಲ್ಲರನ್ನೂ ಕೂರಿಸಿಕೊಂಡು, ಇನ್ನೊಂದು ತಿಂಗಳು ನನ್ನ ಮಾತು ಒರಟಾಗಿ ಬಂದರೆ ಅದು ನಿಮ್ಮ ತಪ್ಪಿನಿಂದಲ್ಲ, ನನ್ನ ಮೈಯಿಂದ ವಿಷ ಬಿಡುತ್ತಿರುವುದರಿಂದ ಎಂದು ಹೇಳಿದೆ. ತಮ್ಮ ಮಗಳಿಗೂ ಇದನ್ನು ಹೇಳಲೇಬೇಕು. ಮಕ್ಕಳು ನಮ್ಮ ಸಿಟ್ಟಿಗೆ ಕಾರಣವನ್ನು ತಮ್ಮಲ್ಲೇ ಹುಡುಕುತ್ತಾರೆ.

ಇನ್ನು, ತೀರಿಕೊಂಡವರ ನೆನಪಿನಂಥ ಆ ದುಃಖದ ವಿಷಯ. ಅದು ನಿಕೋಟಿನ್ ಇಳಿದ ಮೇಲೂ ಬಹಳ ದಿನ ಉಳಿಯಿತು, ಅದಕ್ಕೆ ಬೇರೆಯೇ ಮೂಲವಿತ್ತು. ರೊಬಸ್ಟಾ ಕುಯ್ಲಿನ ಕಾಲದಲ್ಲಿ ಕಾರ್ಮಿಕರು ಸಂಜೆ ಚೀಲಗಳನ್ನು ತಂದು ಸಾಲಾಗಿ ಇಡುತ್ತಾರೆ. ಒಂದೊಂದನ್ನೇ ತೂಗಿಸಿ, ಪುಸ್ತಕಕ್ಕೆ ಬರೆದು, ಲೆಕ್ಕ ಕೂಡಿಸಿ, ಪೆನ್ನನ್ನು ಅಂಗಿಯ ಜೇಬಿಗೆ ಸಿಕ್ಕಿಸಿದ ಕೂಡಲೇ ಅದೇ ಕೈ ಜೇಬಿನ ತಳಕ್ಕೆ ಇಳಿಯುವುದು ನನ್ನ ಇಪ್ಪತ್ತು ವರ್ಷದ ರೂಢಿ. ಬಿಟ್ಟು ಐದು ತಿಂಗಳಾಗಿದ್ದ ಜನವರಿಯಲ್ಲೂ ಕೈ ಹಾಗೆಯೇ ಇಳಿಯಿತು. ಜೇಬಿನಲ್ಲಿ ಒಣಗಿದ ಕಾಫಿ ಹಣ್ಣಿನ ಎರಡು ಸಿಪ್ಪೆಗಳಿದ್ದವು. ಅವನ್ನು ಅಂಗೈಯಲ್ಲಿಟ್ಟುಕೊಂಡು ಕಣದ ಕಟ್ಟೆಯ ಮೇಲೆ ಕುಳಿತಾಗ ನನಗೆ ಒಂದು ಸಂಗತಿ ಹೊಳೆಯಿತು. ಬೆಳಿಗ್ಗೆ ಆರರಿಂದ ಎಲ್ಲರ ಪ್ರಶ್ನೆಗೂ ಉತ್ತರ ಕೊಡುತ್ತಿದ್ದ ನನಗೆ, ಯಾರೂ ಏನೂ ಕೇಳದ ಹತ್ತು ನಿಮಿಷ ಸಿಗುತ್ತಿದ್ದುದು ಸಿಗರೇಟು ಹಚ್ಚಿದಾಗ ಮಾತ್ರ. ಸೇದುತ್ತಿರುವವನ ಬಳಿಗೆ ಜನ ಬರುವುದಿಲ್ಲ, ಮುಗಿಸಲಿ ಎಂದು ಕಾಯುತ್ತಾರೆ. ಸಿಗರೇಟು ಬಿಡುವಾಗ ನಾನು ಆ ಹತ್ತು ನಿಮಿಷವನ್ನೂ ಅದರ ಜೊತೆಗೇ ಎಸೆದಿದ್ದೆ.

ಮರುದಿನದಿಂದ ಲೆಕ್ಕ ಮುಗಿದ ಮೇಲೆ ಅದೇ ಕಟ್ಟೆಯ ಮೇಲೆ, ಶುಂಠಿ ಬೆಲ್ಲ ಹಾಕಿ ಕುದಿಸಿದ ನೀರಿನ ಲೋಟ ಹಿಡಿದು ಹತ್ತು ನಿಮಿಷ ಕೂರತೊಡಗಿದೆ. ಮೊದಲ ಎಂಟು ದಿನ ದುಃಖ ಹೆಚ್ಚೇ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಕುಳಿತೆ, ಈಗಲೂ ಕೂರುತ್ತೇನೆ. ತಮಗೆ ಸಿಗರೇಟು ಯಾವ ಹೊತ್ತನ್ನು ಕೊಡುತ್ತಿತ್ತು ಎಂಬುದನ್ನು ಗುರುತಿಸಿ, ಆ ಹೊತ್ತನ್ನು ಬಿಡದೆ ಉಳಿಸಿಕೊಳ್ಳಿ.

ವಿರಾಜಪೇಟೆಯಿಂದ ಒಬ್ಬ ಶುಶ್ರೂಷಕಿ

ಸೈನ್ಯದಿಂದ ನಿವೃತ್ತರಾದ ನನ್ನ ಪತಿ ಸಿಗರೇಟು ಬಿಟ್ಟಾಗ ಅವರ ಸಂಕಟಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದಿದ್ದ ಕಾರಣ ಕಾಫಿ. ಹೊಗೆಯಲ್ಲಿರುವ ಕೆಲವು ವಸ್ತುಗಳು, ಕಾಫಿಯ ಕೆಫೀನನ್ನು ಯಕೃತ್ತು ಬೇಗ ಕರಗಿಸುವಂತೆ ಮಾಡುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ತಗ್ಗುವುದರಿಂದ, ಎಂದಿನಷ್ಟೇ ಕಾಫಿ ಕುಡಿದರೂ ಕೆಫೀನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿದು, ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಜನ ಇದನ್ನು ಸಿಗರೇಟಿಲ್ಲದ್ದರ ಸಂಕಟವೆಂದೇ ತಿಳಿದು ಮತ್ತೆ ಹಚ್ಚುತ್ತಾರೆ. ನಮ್ಮ ಜಿಲ್ಲೆಯಲ್ಲಿ, ಹೋದ ಮನೆಯಲ್ಲೆಲ್ಲ ಲೋಟ ಮುಂದಿಡುವ ಊರುಗಳಲ್ಲಿ, ಇದು ಸಣ್ಣ ಮಾತಲ್ಲ. ಕಾಫಿಯನ್ನು ಅರ್ಧಕ್ಕೆ ಇಳಿಸಿ, ಮಧ್ಯಾಹ್ನದ ನಂತರ ಬೇಡವೆನ್ನಿ.

ಆಸೆ ಉಕ್ಕಿದಾಗ ಅದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ತಡೆಯಲಾಗದಿದ್ದರೆ ಔಷಧಿ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯದೆ, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆಯ ಒಳಬದಿಗೆ ಇಟ್ಟುಕೊಳ್ಳಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲಿನಿಂದ ಕಾಫಿ ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಲ್ಪಡುವುದಿಲ್ಲ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800 11 2356 ಸಂಖ್ಯೆಗೆ ಕರೆ ಮಾಡಿದರೆ ತಂಬಾಕು ಬಿಡಲು ನೆರವಾಗುವ ಸಲಹೆಗಾರರು ಉಚಿತವಾಗಿ ಮಾತನಾಡುತ್ತಾರೆ, ಕನ್ನಡದಲ್ಲೂ ಮಾತನಾಡುತ್ತಾರೆ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಿನವಿಡೀ ಮಂಕಾಗಿರುವುದು ಎರಡು ವಾರಕ್ಕೂ ಮೀರಿ ಕಡಿಮೆಯಾಗದೆ ಮುಂದುವರಿದರೆ, ಇಲ್ಲವೇ ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಬಂದರೆ, ಕಾಯದೆ ವೈದ್ಯರನ್ನು ಕಾಣಿರಿ, ಅಥವಾ ಹಗಲು ರಾತ್ರಿ ಯಾವ ಹೊತ್ತಿಗಾದರೂ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, ಕರೆ ಮಾಡಿ. ಬಿಟ್ಟು ಆರು ವಾರಗಳನ್ನು ದಾಟಿದವರಲ್ಲಿ ಆತಂಕವೂ ಖಿನ್ನತೆಯೂ ಸೇದುತ್ತಲೇ ಇರುವವರಿಗಿಂತ ಕಡಿಮೆಯಾಗುತ್ತವೆ ಎಂಬುದು ಅಧ್ಯಯನಗಳಲ್ಲಿ ಕಂಡ ಸಂಗತಿ.

ಗೋಣಿಕೊಪ್ಪಲಿನಿಂದ ಒಬ್ಬ ಜೀಪು ಚಾಲಕ

ನಾಲ್ಕು ತಿಂಗಳು ಚೆನ್ನಾಗಿದ್ದ ನಾನು ಜಾರಿದ್ದು ಸಾವಿನ ಮನೆಯಲ್ಲಿ. ದೊಡ್ಡಪ್ಪನ ಮಗ ತೀರಿಕೊಂಡ ರಾತ್ರಿ ಅಂಗಳದಲ್ಲಿ ಬೆಂಕಿಯ ಸುತ್ತ ನಿಂತಿದ್ದಾಗ, ಭಾವನವರು ಮಾತಿಲ್ಲದೆ ಪ್ಯಾಕನ್ನು ನನ್ನ ಕಡೆಗೆ ಚಾಚಿದರು. ನಮ್ಮಲ್ಲಿ ಅದು ಸಮಾಧಾನ ಹೇಳುವ ಒಂದು ರೀತಿ, ಬೇಡವೆಂದರೆ ಅವರ ದುಃಖವನ್ನೇ ತಳ್ಳಿದಂತೆ ಎನಿಸಿ ತೆಗೆದುಕೊಂಡೆ. ಆ ಒಂದು ಸಿಗರೇಟಿಗಿಂತ, ಎಲ್ಲವೂ ಹಾಳಾಯಿತು ಎಂಬ ನಾಚಿಕೆಯೇ ಮಾರನೆಯ ಬೆಳಿಗ್ಗೆ ನನ್ನಿಂದ ಇಡೀ ಪ್ಯಾಕನ್ನು ಕೊಳ್ಳಿಸಿತು. ನಾಲ್ಕನೆಯ ದಿನ ಮತ್ತೆ ಬಿಟ್ಟೆ, ಕಳೆದ ನಾಲ್ಕು ತಿಂಗಳು ನೀರಿಗೆ ಹೋಗಿರಲಿಲ್ಲ, ಎರಡನೆಯ ಸಲ ಚಡಪಡಿಕೆ ಬೇಗ ತಗ್ಗಿತು.

ಮುಂದಿನ ವರ್ಷ ಇನ್ನೊಂದು ಸಾವಿನ ಮನೆಯಲ್ಲಿ ಅದೇ ಭಾವನವರು ಮತ್ತೆ ಪ್ಯಾಕು ಚಾಚಿದರು. ನಾನು ಪ್ಯಾಕನ್ನು ಬಿಟ್ಟು ಅವರ ಕೈಯನ್ನು ಹಿಡಿದುಕೊಂಡೆ. ಅವರು ಪ್ಯಾಕನ್ನು ಇನ್ನೊಂದು ಕೈಗೆ ವರ್ಗಾಯಿಸಿ, ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಸುಂಟಿಕೊಪ್ಪದಿಂದ ಕೇಳಿದವರು

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದೇನೆ, ರಾತ್ರಿ ಎರಡರವರೆಗೂ ಎಚ್ಚರವಾಗಿರುತ್ತೇನೆ, ಎರಡಕ್ಕೂ ಸಂಬಂಧವಿರಬಹುದೆಂದು ಅನಿಸಿಯೇ ಇರಲಿಲ್ಲ. ಇಂದು ಸಂಜೆಯ ಲೋಟವನ್ನು ಬೇಡವೆಂದೆ. ಮಗಳು ಶಾಲೆಯಿಂದ ಬಂದಿದ್ದಾಳೆ, ಊಟಕ್ಕೆ ಕುಳಿತಾಗ ಅವಳಿಗೆ ಹೇಳುತ್ತೇನೆ.