ಉದ್ದುದ್ದ ಇಂಗ್ಲಿಷ್ ಪದಗಳ ಪಟ್ಟಿ ಉರು ಹೊಡೆದು ದಕ್ಕಿಸಿಕೊಂಡವರು ಯಾರಾದ್ರೂ ಇದ್ದೀರಾ?

ಪಾಳಿ ಮುಗಿದ ಮೇಲೆ:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಗೆ ಪರೀಕ್ಷೆ. ಇಂಗ್ಲಿಷ್ ಭಾಗಕ್ಕೆ ಅಂತ 600 ಕಠಿಣ ಪದ, ನುಡಿಗಟ್ಟುಗಳ ಅರ್ಥಸಹಿತ ಪಟ್ಟಿ ಸಿಕ್ಕಿದೆ. ಮೊದಲ ಪುಟಕ್ಕೇ ತಲೆ ತಿರುಗಿತು. ಕೆಲಸ ಮುಗಿಸಿ ಬಂದ ಮೇಲೆ ದಿನಕ್ಕೆ 40 ನಿಮಿಷ ಸಿಗುತ್ತೆ, ಅಷ್ಟೆ. ಪಟ್ಟಿನೇ ಉರು ಹೊಡೀಲಾ, ಗ್ರೀಕ್-ಲ್ಯಾಟಿನ್ ಮೂಲ ಹಿಡಿದು ಕಲೀಲಾ, ಇಲ್ಲ ಪಟ್ಟಿ ಬಿಸಾಕಿ ಸುಮ್ನೆ ಓದ್ತಾ ಹೋಗ್ಲಾ? ಅನುಭವಸ್ಥರು ದಯವಿಟ್ಟು ಹೇಳಿ.

ಮೂರು ನೋಟ್‌ಬುಕ್:
ಉರು ಹೊಡೀರಿ. ನಾನು 11 ತಿಂಗಳು ಮಾಡಿದೀನಿ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ದಿನಕ್ಕೆ 15 ಪದ, 200 ಪುಟದ ಮೂರು ನೋಟ್‌ಬುಕ್. ಮೊದಲನೇದನ್ನ ಇಂಕ್ ಪೆನ್ನಲ್ಲಿ ಬರೆದಿದ್ದೆ, ಒಂದು ಮಳೆಗೆ ಚೀಲ ನೆನೆದು 'ಎ'ಯಿಂದ 'ಎಫ್'ವರೆಗೆ ಪೂರಾ ನೀಲಿ ನೀರು. ಒಣಗಿಸಿ, ಹಾಳೆ ಬಿಡಿಸಿ, ಮತ್ತೆ ಬರೆಯೋಕೆ 19 ದಿನ. ನಾಲ್ಕು ತಿಂಗಳಾದ ಮೇಲೆ ಅರ್ಥ ಮುಚ್ಚಿಟ್ಟು ಪರೀಕ್ಷೆ ಮಾಡ್ಕೊಂಡೆ. 1,800ರಲ್ಲಿ ನೆನಪಿದ್ದದ್ದು 412. ಆವತ್ತು ಊಟ ಸೇರಲಿಲ್ಲ. ಎಬಿಂಗ್‌ಹಾಸ್ ಅನ್ನೋ ಜರ್ಮನ್ ವಿದ್ವಾಂಸ ಅರ್ಥವೇ ಇಲ್ಲದ ಉಚ್ಚಾರಗಳನ್ನ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದನಂತೆ. ನನಗೆ ಗೊತ್ತಾಗಿದ್ದು 412 ನೋಡಿದ ಮೇಲೆ. ಆಮೇಲೆ ಒಂದು ದಿನ, ಮೂರು ದಿನ, ಏಳು ದಿನ, ಇಪ್ಪತ್ತೊಂದು ದಿನ ಬಿಟ್ಟು ತಿರುಗಿ ನೋಡೋ ಪದ್ಧತಿ ಹಿಡಿದೆ.
ಈಗ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್ ಒಂದೇ ಉಸಿರಲ್ಲಿ ಹೇಳ್ತೀನಿ. ಯಾವುದನ್ನೋ ಕವಡೆ ಕಿಮ್ಮತ್ತಿಲ್ಲದ್ದು ಅಂತ ತಳ್ಳಿಹಾಕೋದು. 29 ಅಕ್ಷರ. ಪರೀಕ್ಷೇಲಿ ಬಂತಾ ಅಂತ ಮಾತ್ರ ಕೇಳಬೇಡಿ.

ಬೇರು ಹಿಡಿದವಳು:
ಸಾರ್, ಆ 29 ಅಕ್ಷರ ಒಡೆದು ನೋಡಿದ್ರೆ 11 ತಿಂಗಳು ಬೇಕಿರಲಿಲ್ಲ. ಫ್ಲಾಕ್ಸಿ, ನಾಸಿ, ನಿಹಿಲಿ, ಪಿಲಿ. ಉಣ್ಣೆಯ ಎಳೆ, ಕ್ಷುಲ್ಲಕ, ಏನೂ ಇಲ್ಲ, ಕೂದಲು. 'ಲೆಕ್ಕಕ್ಕಿಲ್ಲ' ಅನ್ನೋಕೆ ಲ್ಯಾಟಿನ್‌ನಲ್ಲಿದ್ದ ನಾಲ್ಕನ್ನೂ ಒಂದೇ ದಾರಕ್ಕೆ ಪೋಣಿಸಿದ್ದಾರೆ, ಅಷ್ಟೆ. ಓಟೋರೈನೋಲ್ಯಾರಿಂಗಾಲಜಿಸ್ಟ್‌ನೂ ಒಡೀರಿ: ಓಟೋ ಕಿವಿ, ರೈನೋ ಮೂಗು, ಲ್ಯಾರಿಂಗೋ ಗಂಟಲು, ಈ ಮೂರನ್ನೂ ನೋಡೋ ವೈದ್ಯ. ಖಡ್ಗಮೃಗ ರೈನಾಸರಸ್ ಆಗಿದ್ದು ಮೂಗಿನ ಮೇಲೆ ಕೊಂಬಿರೋದ್ರಿಂದ. ಒಂದು ಬೇರು ಹಿಡಿದ್ರೆ ಹತ್ತು ಕೊಂಬೆ ಕೈಗೆ ಬರುತ್ತೆ.
ನನಗೆ 214 ಮೂಲ ಕಲಿಯೋಕೆ ಏಳು ತಿಂಗಳು ಹಿಡೀತು. ಪೆಟ್ಟೂ ತಿಂದೆ, ಮುಚ್ಚಿಡಲ್ಲ. ಸುರಕ್ಷತಾ ಸೂಚನೆಗಳ ಅನುವಾದ ಮಾಡ್ತಿದ್ದಾಗ 'ಇನ್‌ಫ್ಲೇಮಬಲ್' ಬಂತು. 'ಇನ್' ಅಂದ್ರೆ 'ಅಲ್ಲ' ಅಂತ ಕಲಿತಿದ್ದೆನಲ್ಲ, 'ಬೆಂಕಿ ಹತ್ತದ ದ್ರವ' ಅಂತ ಬರೆದುಬಿಟ್ಟೆ! ಅಲ್ಲಿರೋ 'ಇನ್' ಬೇರೆ, ಒಳಕ್ಕೆ ಅನ್ನೋ ಅರ್ಥದ್ದು. ಪದದ ಅರ್ಥ ಬೇಗ ಹೊತ್ತಿಕೊಳ್ಳುವಂಥದ್ದು ಅಂತ. ಅಚ್ಚಿಗೆ ಹೋಗೋ ಹಿಂದಿನ ದಿನ ಹಿರಿಯರೊಬ್ಬರ ಕಣ್ಣಿಗೆ ಬಿತ್ತು. 38 ಪುಟ ಮತ್ತೆ ತಿದ್ದಿದೆ, ಮುಂದಿನ ಕೆಲಸ ಬೇರೆಯವರ ಪಾಲಾಯ್ತು. ಇಂಗ್ಲಿಷಿನವರೇ ಇದರಲ್ಲಿ ಎಡವುತ್ತಾರೆ ಅಂತ ಈಗ ಡಬ್ಬಿಗಳ ಮೇಲೆ 'ಫ್ಲೇಮಬಲ್' ಅಂತ ಬರೆಯೋ ರೂಢಿ ಬಂದಿದೆ. ಆದ್ರೂ ಹೇಳ್ತೀನಿ, ಬೇರು ಹಿಡಿದು ಕಲಿಯೋದೇ ಸರಿ.

ಸಣ್ಣ ಮಾತು ಸಾಕು:
ಇಬ್ಬರೂ ಕಲಿತಿದ್ದೀರಿ, ಸಂತೋಷ. ಬಳಸಿ ಕೆಟ್ಟವನು ನಾನು. ಮೇಲಧಿಕಾರಿಯ ಬೀಳ್ಕೊಡುಗೆ ಪತ್ರದಲ್ಲಿ ಅವರಿಗೆ 'ಫುಲ್ಸಮ್ ಪ್ರೇಸ್' ಸಲ್ಲಬೇಕು ಅಂತ ಬರೆದೆ. ತುಂಬು ಹೃದಯದ ಹೊಗಳಿಕೆ ಅಂದುಕೊಂಡಿದ್ದೆ. ಅದಕ್ಕೆ ಅತಿಯಾದ, ಬೆಣ್ಣೆ ಹಚ್ಚೋ ಹೊಗಳಿಕೆ ಅನ್ನೋ ಅರ್ಥವೇ ಮುಂದೆ. ಅದು ಸಾಲದು ಅಂತ ಅವರ ಸಾಧನೆಯ 'ಎನಾರ್ಮಿಟಿ' ಅಂತ ಬೇರೆ ಸೇರಿಸಿದ್ದೆ. ಬೃಹತ್ತು ಅಂತ ನನ್ನ ಮನಸ್ಸಲ್ಲಿ. ಘೋರ ಕೃತ್ಯ ಅಂತ ನಿಘಂಟಿನಲ್ಲಿ. ಪ್ರತಿ ಹೋಗಿದ್ದು 63 ಜನಕ್ಕೆ. ಅವರು ಒಂದೇ ಸಾಲಿನ ಉತ್ತರ ಕಳಿಸಿದ್ರು: ಆ ಎರಡು ಪದಗಳ ನಿಘಂಟಿನ ಅರ್ಥ. ಅಷ್ಟೆ, ಸಹಿನೂ ಇಲ್ಲ.
2006ರಲ್ಲಿ ಡ್ಯಾನಿಯಲ್ ಓಪನ್‌ಹೈಮರ್ ಅನ್ನೋ ಮನಶ್ಶಾಸ್ತ್ರಜ್ಞರ ಒಂದು ಪ್ರಬಂಧ ಬಂತು. ಬೇಡದ ಕಡೆ ಉದ್ದ ಪದ ತುರುಕಿದ ಬರಹ ಓದಿದವರು, ಬರೆದವನ ಬುದ್ಧಿಗೇ ಕಡಿಮೆ ಅಂಕ ಕೊಟ್ಟಿದ್ದರು. ಪ್ರಬಂಧದ ಶೀರ್ಷಿಕೆಯೇ ಬೇಕಂತಲೇ ಉದ್ದುದ್ದ ಪದಗಳದ್ದು. ಅದೇ ವರ್ಷ ಇಗ್ ನೊಬೆಲ್ ಬಂತು, ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ. ನೋಟ್‌ಬುಕ್ ತುಂಬಿಸಿ ಒಂದೇ ಉಸಿರಲ್ಲಿ ಹೇಳೋರು ಓದಬೇಕು.

ಮೂರು ನೋಟ್‌ಬುಕ್:
ಯಾರಿಗೆ ಹೇಳಿದ್ರಿ ಸ್ವಾಮಿ ಅದು? ಫುಲ್ಸಮ್ ನನ್ನ ಎರಡನೇ ನೋಟ್‌ಬುಕ್ಕಿನಲ್ಲಿದೆ, ಕೆಂಪು ಗೆರೆ ಎಳೆದು. ನೀವೂ ಉರು ಹೊಡೆದಿದ್ರೆ 63 ಜನರ ಮುಂದೆ ಮಾನ ಹೋಗ್ತಿರಲಿಲ್ಲ.

ಸಣ್ಣ ಮಾತು ಸಾಕು:
ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನು ಹೆಸರು ಹೇಳಿದ್ನಾ?

ಕೋಶ ತಿಂದವ:
ಜಗಳದ ಮಧ್ಯೆ ಒಂದು ಮಾತು. 29ಕ್ಕೆ ಇಷ್ಟು ಬೀಗಬೇಡಿ. ಸೂಡೋಸೂಡೋಹೈಪೋಪ್ಯಾರಾಥೈರಾಯ್ಡಿಸಮ್ 30 ಅಕ್ಷರ, ನಿಜವಾದ ವೈದ್ಯಕೀಯ ಪದ. ಫುಲ್ಲರ್ ಆಲ್‌ಬ್ರೈಟ್ 1952ರಲ್ಲಿ ಕೊಟ್ಟ ಹೆಸರು. 'ಸೂಡೋ' ಅಂದ್ರೆ ಹುಸಿ. ಮೈಕಟ್ಟು ನೋಡಿದ್ರೆ ಒಂದೇ 'ಸೂಡೋ' ಇರೋ ಕಾಯಿಲೆಯೇ, ರಕ್ತದಲ್ಲಿ ಕ್ಯಾಲ್ಸಿಯಂ ನೋಡಿದ್ರೆ ಸರಿಯಾಗಿದೆ. ಹುಸಿ ಕಾಯಿಲೆಯ ಹುಸಿ! ಇನ್ನು ಎಲ್ಲರೂ ಕುಣಿದಾಡೋ 45 ಅಕ್ಷರದ ಪ್ನ್ಯುಮೊನೊಅಲ್ಟ್ರಾಮೈಕ್ರೊಸ್ಕೋಪಿಕ್‌ಸಿಲಿಕೊವಾಲ್ಕೇನೊಕೊನಿಯೋಸಿಸ್ ಪದವೇ ಅಲ್ಲ. 1935ರಲ್ಲಿ ಅಮೆರಿಕದ ಪದಬಂಧ ಪ್ರಿಯರ ಸಂಘದ ಅಧ್ಯಕ್ಷ ಎವರೆಟ್ ಸ್ಮಿತ್ ಉದ್ದಕ್ಕೋಸ್ಕರವೇ ಹೊಸೆದದ್ದು. ಸಣ್ಣ ಸಿಲಿಕಾ ದೂಳಿನಿಂದ ಬರೋ ಶ್ವಾಸಕೋಶದ ಕಾಯಿಲೆಗೆ ವೈದ್ಯರು 'ಸಿಲಿಕೋಸಿಸ್' ಅಂತಾರೆ, ಮುಗೀತು.

ಬೇರು ಹಿಡಿದವಳು:
ಹೊಸೆದದ್ದು ಪದ ಅಲ್ಲ ಅಂದ್ರೆ 'ಸೆರೆಂಡಿಪಿಟಿ' ಏನು, ಹುಡುಕದೇನೇ ಅದೃಷ್ಟಕ್ಕೆ ಒಳ್ಳೇದು ಸಿಗೋದು ಅನ್ನೋ ಪದ? ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1754ರಲ್ಲಿ ಒಂದು ಪತ್ರದಲ್ಲಿ ಹೊಸೆದದ್ದೇ ತಾನೆ? ಅದನ್ನ ಯಾಕೆ ಒಪ್ಪಿಕೊಂಡ್ರಿ?

ಕೋಶ ತಿಂದವ:
ಅದನ್ನ ಜನ ಬಳಸ್ತಾರೆ ಮೇಡಂ. 45ರದ್ದನ್ನ ಉದ್ದ ಎಷ್ಟು ಅಂತ ಹೇಳೋಕೆ ಮಾತ್ರ ಬಳಸ್ತಾರೆ.

ಮೀಟಿಂಗ್ ಬಲಿಪಶು:
ಪದ ಬಿಡಿ, ನುಡಿಗಟ್ಟು ಇನ್ನೂ ಅಪಾಯ. ಉದ್ದ ಪದ ಕಂಡ್ರೆ ನಿಘಂಟು ತೆಗೀತೀವಿ, ಗೊತ್ತಿರೋ ಸಣ್ಣ ಪದಗಳ ಜೋಡಿ ಕಂಡ್ರೆ ತೆಗಿಯಲ್ಲ. ಫೋನಿನಲ್ಲಿ ಅಮೆರಿಕದವರು 'ಟೇಬಲ್ ದಿಸ್' ಅಂದ್ರು. ನಾನು ಕಲಿತದ್ದು ಬ್ರಿಟಿಷ್ ಅರ್ಥ, ಚರ್ಚೆಗೆ ಮುಂದಿಡೋದು. ಎರಡು ರಾತ್ರಿ ಕೂತು 26 ಪುಟದ ಟಿಪ್ಪಣಿ ತಯಾರು ಮಾಡಿ ಕಳಿಸಿದೆ. ಅವರ ಕಡೆ ಆ ಮಾತಿಗೆ ಅರ್ಥ, ಸದ್ಯಕ್ಕೆ ಪಕ್ಕಕ್ಕಿಡೋದು! ಬೇಡ ಅಂದ ವಿಷಯ ಮತ್ತೆ ತುರುಕ್ತಾನೆ ಅಂತ ಹೆಸರು ಕೆಡಿಸ್ಕೊಂಡೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್, ಅಮೆರಿಕನ್ ಸೇನಾಧಿಕಾರಿಗಳೇ ಇದೇ ಮಾತಿಗೆ ಹೊತ್ತುಗಟ್ಟಲೆ ವಾದ ಮಾಡಿದ್ರು ಅಂತ ಚರ್ಚಿಲ್ ಬರೆದಿದ್ದಾರೆ. ಅವರಿಗೆ ಯುದ್ಧದ ನೆಪ ಇತ್ತು, ನನಗೆ ಬರೀ ಬೈಗುಳ.

ಪಾಳಿ ಮುಗಿದ ಮೇಲೆ:
ಎಲ್ಲರಿಗೂ ಧನ್ಯವಾದ. ಅಂದ್ರೆ... ದಿನಕ್ಕೆ 40 ನಿಮಿಷ ಅಂದ್ರೆ ಎಷ್ಟು ಪದ ಇಟ್ಟುಕೊಳ್ಳಲಿ? ಪಟ್ಟೀಲಿ ಸಿಲಿಕಾದ ಆ ಪದವೂ ಇದೆ.

ಮೂರು ನೋಟ್‌ಬುಕ್:
15. ಕೋಶ ತಿಂದವರೇ, ನಿಮ್ಮ 45ರಲ್ಲಿ ಮೊದಲ ಅಕ್ಷರವೇ ತಪ್ಪು. ಅಲ್ಲಿ 'ಪಿ' ಉಚ್ಚಾರ ಇಲ್ಲ. ನ್ಯುಮೊನೊ ಅಂತ ಬರೀರಿ.

ಕೋಶ ತಿಂದವ:
ಕಾಗುಣಿತದಲ್ಲಿ ಇರೋದನ್ನ ಬರೆದೆ. 'ಪಿ' ಬಿಟ್ರೆ 44 ಆಗುತ್ತೆ.

ಬೇರು ಹಿಡಿದವಳು:
ಹಾಗಾದ್ರೆ ಸೂಡೋದಲ್ಲಿ 'ಪಿ' ಯಾಕೆ ನುಂಗಿದ್ರಿ? ಎರಡು ಸಲ ಇದೆ ಅಲ್ಲಿ. ನಿಮ್ಮ 30 ಈಗ 28.

ಕೋಶ ತಿಂದವ:
ಪ್ಸೂಡೋಪ್ಸೂಡೋ. ಸಮಾಧಾನ ಆಯ್ತಾ?