ಕೀವಿನಾ ತಾಮ್ರದ ಗಣಿ ಟೂರ್: ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕೇಳಿದವರು: ನಾವಿರುವುದು ಡೆಟ್ರಾಯಿಟ್ ಹತ್ತಿರ. ಜುಲೈನಲ್ಲಿ ಹಾಸನದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ನಯಾಗರಾ ಹೋದ ಸಲವೇ ಆಯಿತು. ಅಪ್ಪನಿಗೆ ಮಷೀನು ಅಂದರೆ ಪ್ರಾಣ, ಅಮ್ಮನಿಗೆ ಮಂಡಿನೋವು, ಮಗನಿಗೆ ಏಳು ವರ್ಷ. ಮಿಶಿಗನ್ನಿನ ಉತ್ತರ ತುದಿಯ ಕೀವಿನಾದಲ್ಲಿ ಹಳೇ ತಾಮ್ರದ ಗಣಿಗಳಿಗೆ ಬೇಸಿಗೆಯಲ್ಲಿ ಗೈಡ್ ಜೊತೆ ಕರೆದುಕೊಂಡು ಹೋಗುತ್ತಾರಂತೆ. ಅಷ್ಟು ದೂರ ಹೋಗುವುದಕ್ಕೆ ಲಾಯಕ್ಕಾ? ಹೋದವರು ಹೇಳಿ.

ಹೋಟನ್‌ನಲ್ಲಿ ಓದಿದವರು: ಖಂಡಿತ ಹೋಗಿ. ಆದರೆ ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ನಿಮ್ಮಲ್ಲಿಂದ 550 ಮೈಲಿ ಹತ್ತಿರ ಹತ್ತಿರ, ಹಿರಿಯರನ್ನು ಕೂರಿಸಿಕೊಂಡರೆ ಹತ್ತು ಗಂಟೆ ದಾಟುತ್ತದೆ. ದಾರಿಯಲ್ಲಿ ಮಾರ್ಕೆಟ್ (Marquette) ಅನ್ನೋ ಊರಿನಲ್ಲಿ ರಾತ್ರಿ ಉಳಿದುಕೊಳ್ಳಿ. ಅಲ್ಲಿಂದ ಬೆಳಿಗ್ಗೆ ಎರಡು ಗಂಟೆ ದಾರಿ ಅಷ್ಟೇ.

ನೀವು ನೋಡಬೇಕಾದದ್ದು ಹ್ಯಾಂಕಾಕ್ ಊರಿನ ಗುಡ್ಡದ ಮೇಲಿರುವ ಕ್ವಿನ್ಸಿ ಗಣಿ. ಅಲ್ಲಿ ಎರಡು ಥರ ಟಿಕೆಟ್ ಇರುತ್ತೆ. ಒಂದು ಮೇಲಿನದು ಮಾತ್ರ, ಇನ್ನೊಂದು ಗಣಿಯ ಒಳಗೂ ಸೇರಿಸಿ. ಅಪ್ಪ ಮತ್ತು ಮಗನಿಗೆ ಪೂರ್ತಿ ಟೂರ್ ತೆಗೆದುಕೊಳ್ಳಿ. ಅಮ್ಮನಿಗೆ ಮೇಲಿನದು ಸಾಕು.

ಮೇಲೆ ಏನಿದೆ ಅಂತ ಕಡೆಗಣಿಸಬೇಡಿ. ನಿಮ್ಮ ತಂದೆಯವರು ಅಲ್ಲಿಂದ ಕದಲುವುದೇ ಅನುಮಾನ. ನಾರ್ಡ್‌ಬರ್ಗ್ ಕಂಪನಿಯ ಹಬೆ ಯಂತ್ರ ಅಲ್ಲಿದೆ. ಅದಿರು ಎತ್ತುವ ಹಬೆ ಯಂತ್ರಗಳಲ್ಲಿ ಜಗತ್ತಿಗೇ ದೊಡ್ಡದು. ಹಗ್ಗ ಸುತ್ತುವ ಡ್ರಮ್ಮೇ 30 ಅಡಿ ಅಗಲ. ಒಂದು ಸಲಕ್ಕೆ ಹತ್ತು ಟನ್ ಅದಿರು ಎಳೆಯುತ್ತಿತ್ತು. ಕಟ್ಟಡದ ಒಳಗೋಡೆಗೆ ಇಟಲಿಯ ಟೈಲ್ಸ್ ಬೇರೆ. ಮದುವೆ ಛತ್ರದ ಥರ ಇದೆ, ಗಣಿ ಕಟ್ಟಡ ಅಂತ ಅನ್ನಿಸುವುದೇ ಇಲ್ಲ. ಇಷ್ಟೆಲ್ಲ ಮಾಡಿ ಅದು ಓಡಿದ್ದು 1920ರಿಂದ 1931ರವರೆಗೆ ಮಾತ್ರ. ತಾಮ್ರದ ಬೆಲೆ ಬಿತ್ತು, ಯಂತ್ರ ನಿಂತಿತು.

ಅಲ್ಲಿಂದ ಹಲ್ಲಿನ ಹಳಿ ಮೇಲೆ ಓಡುವ ಪುಟ್ಟ ಟ್ರಾಮ್ ಗುಡ್ಡ ಇಳಿಯುತ್ತದೆ. ಕೆಳಗೆ ಕಾಲುವೆ, ಆಚೆ ದಡದಲ್ಲಿ ಹೋಟನ್ ಊರು. ಆಮೇಲೆ ಟ್ರ್ಯಾಕ್ಟರ್ ಎಳೆಯುವ ಗಾಡಿಯಲ್ಲಿ ಕೂರಿಸಿಕೊಂಡು ಗುಡ್ಡದ ಒಳಗೆ ಹೋಗುತ್ತಾರೆ. ಹೆಲ್ಮೆಟ್ ಅವರೇ ಕೊಡುತ್ತಾರೆ. ಒಳಗೆ ಸ್ವಲ್ಪ ನಡೆಯಬೇಕು, ನೆಲ ಒದ್ದೆ. ಗಣಿಯೊಳಗೆ ಒಂದರ ಕೆಳಗೊಂದು ಅಂತಸ್ತಿನ ಥರ ಹಂತಗಳಿವೆ, ನೀವು ನಿಲ್ಲುವುದು ಏಳನೇ ಹಂತದಲ್ಲಿ. ಗಣಿ 92ನೇ ಹಂತದವರೆಗೂ ಹೋಗಿದೆ. ಗಣಿಗೆ ಇಳಿಯುವ ಎರಡನೇ ನಂಬರ್ ಬಾವಿಯ (ಶಾಫ್ಟ್) ಇಳಿಜಾರಿನ ಉದ್ದ 9,260 ಅಡಿ. ಏಳರಿಂದ ಕೆಳಗೆ ಎಲ್ಲಾ ನೀರು ತುಂಬಿಕೊಂಡಿದೆ. ಹೊರಗೆ ಎಷ್ಟೇ ಸೆಕೆ ಇರಲಿ, ಒಳಗೆ 43 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 6 ಸೆಲ್ಸಿಯಸ್. ಸ್ವೆಟರ್, ಮಂಕಿ ಕ್ಯಾಪ್ ಎರಡೂ ಇರಲಿ. ಊರಿಂದ ಬರುವ ಅಪ್ಪಂದಿರ ಸೂಟ್‌ಕೇಸಿನಲ್ಲಿ ಮಂಕಿ ಕ್ಯಾಪ್ ಹೇಗೂ ಇರುತ್ತೆ ಅಲ್ವಾ. ಅಮ್ಮ ಚಪ್ಪಲಿಯಲ್ಲೇ ಬಂದರೂ ಮೇಲಿನ ಟೂರಿಗೆ ಪರವಾಗಿಲ್ಲ. ಒಳಗೆ ಹೋಗುವವರಿಗೆ ಮಾತ್ರ ಶೂ ಬೇಕೇ ಬೇಕು.

ಚಿಕಾಗೋದಿಂದ ಒಬ್ಬರು: ನಮ್ಮ ಕಡೆಯಿಂದ ಹೋಗುವವರಿಗೂ ಒಂದು ಮಾತು. ಹೋಟನ್, ಹ್ಯಾಂಕಾಕ್ ಎಲ್ಲಾ ಈಸ್ಟರ್ನ್ ಟೈಮ್. ವಿಸ್ಕಾನ್ಸಿನ್ ದಾಟಿಕೊಂಡು ಬಂದರೆ ದಾರಿಯಲ್ಲೇ ಒಂದು ಗಂಟೆ ಕೈಬಿಟ್ಟು ಹೋಗುತ್ತದೆ. ಟೂರ್ ಟೈಮಿಗೆ ಟಿಕೆಟ್ ಮಾಡಿಸಿದ್ದರೆ ಇದು ನೆನಪಿರಲಿ. ಜುಲೈನಲ್ಲಿ ಜನ ಜಾಸ್ತಿ, ಬೆಳಗಿನ ಟೂರೇ ವಾಸಿ.

ಕೆಜಿಎಫ್‌ನಲ್ಲಿ ಬೆಳೆದವರು: ಮೇಲಿನವರು ಯಂತ್ರದ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ನಾನು ಹೇಳುವುದು ಕ್ಯಾಲ್ಯುಮೆಟ್ ಊರನ್ನು ಬಿಡಬೇಡಿ ಅಂತ. ಕ್ವಿನ್ಸಿಯಿಂದ ಅರ್ಧ ಗಂಟೆ ಕೂಡ ಇಲ್ಲ. ಬೇಸಿಗೆಯಲ್ಲಿ ನ್ಯಾಷನಲ್ ಪಾರ್ಕಿನ ರೇಂಜರ್‌ಗಳು ಊರೊಳಗೆ ನಡೆಸಿಕೊಂಡು ಕಥೆ ಹೇಳುತ್ತಾರೆ. ನಮ್ಮ ಕೆಜಿಎಫ್‌ಗೆ ಬಂದ ಹಾಗೇ ಇಲ್ಲಿಗೂ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯ ಗಣಿ ಕೆಲಸದವರು ಬಂದರು. ಆಮೇಲೆ ಫಿನ್‌ಲ್ಯಾಂಡ್, ಇಟಲಿ, ಕ್ರೊಯೇಶಿಯಾ ಕಡೆಯವರು. ಬರೀ ಕಂಪನಿಯ ವೈಭವ ನೋಡಿಕೊಂಡು ವಾಪಸ್ ಬಂದರೆ ಅರ್ಧ ನೋಡಿದ ಹಾಗೆ.

1913ರಲ್ಲಿ ಇಲ್ಲಿ ದೊಡ್ಡ ಮುಷ್ಕರ ನಡೆಯಿತು. ಒಬ್ಬನೇ ಹಿಡಿದು ನಡೆಸುವ ಡ್ರಿಲ್ ಬಂದಿತ್ತು. ಇಬ್ಬರ ಕೆಲಸ ಒಬ್ಬನಿಗೆ. ಹೊಟ್ಟೆಪಾಡಿನ ಭಯ ಒಂದು ಕಡೆ. ಒಳಗೆ ಏಟು ಬಿದ್ದರೆ ಕೂಗು ಕೇಳಿಸಿಕೊಳ್ಳಲು ಪಕ್ಕದಲ್ಲಿ ಜೊತೆಗಾರನಿಲ್ಲ, ಅದು ಇನ್ನೊಂದು ಕಡೆ. ಆ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಇಟಾಲಿಯನ್ ಹಾಲ್‌ನಲ್ಲಿ ಮುಷ್ಕರದವರ ಮಕ್ಕಳಿಗೆ ಪಾರ್ಟಿ ಇತ್ತು. ಯಾರೋ ‘ಬೆಂಕಿ’ ಅಂತ ಕೂಗಿದರು. ಬೆಂಕಿ ಇರಲಿಲ್ಲ. ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ 73 ಜನ ಸತ್ತರು, ಹೆಚ್ಚಿನವರು ಮಕ್ಕಳು. ಕೂಗಿದವರು ಯಾರು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ. ಕಟ್ಟಡವನ್ನು 1984ರಲ್ಲಿ ಕೆಡವಿದರು. ಬಾಗಿಲಿನ ಕಮಾನು ಮಾತ್ರ ಉಳಿಸಿದ್ದಾರೆ. ಖಾಲಿ ಜಾಗದಲ್ಲಿ ಕಮಾನೊಂದೇ ನಿಂತಿದೆ, ಹಿಂದೆ ಏನೂ ಇಲ್ಲ. ಮಗನಿಗೆ ಎಷ್ಟು ಹೇಳಬೇಕು ಅನ್ನೋದು ನಿಮಗೆ ಬಿಟ್ಟಿದ್ದು.

ಹೋಟನ್‌ನಲ್ಲಿ ಓದಿದವರು: ಹೌದು, ಇದನ್ನು ನಾನೇ ಹೇಳಬೇಕಿತ್ತು. ಇನ್ನೊಂದು, ಮಳೆ ಬಂದರೆ ಹೋಟನ್ ಯೂನಿವರ್ಸಿಟಿಯ ಸೀಮನ್ ಖನಿಜ ಮ್ಯೂಸಿಯಂಗೆ ಹೋಗಿ. ಸುಪೀರಿಯರ್ ಸರೋವರದ ತಳದಿಂದ ಎತ್ತಿದ 19 ಟನ್ನಿನ ತಾಮ್ರದ ಹಲಗೆ ಅಲ್ಲಿದೆ. ಅದನ್ನು ಕರಗಿಸಿ ತೆಗೆದದ್ದಲ್ಲ. ಇಲ್ಲಿ ತಾಮ್ರ ಬಂಡೆಯೊಳಗೆ ಲೋಹವಾಗಿಯೇ ಸಿಗುತ್ತಿತ್ತು. ಗಣಿಯಲ್ಲಿ ಇಂಥ ದೊಡ್ಡ ಗಟ್ಟಿ ಸಿಕ್ಕಿದರೆ ಖುಷಿಗಿಂತ ತಲೆನೋವೇ ಜಾಸ್ತಿ. ಸಿಡಿಮದ್ದು ಹಾಕಿದರೆ ಕಲ್ಲಿನ ಹಾಗೆ ಒಡೆಯಲ್ಲ. ಉಳಿ ಹಿಡಿದು ಕೈಯಲ್ಲೇ ಕತ್ತರಿಸಬೇಕಿತ್ತು.

ಮತ್ತೊಬ್ಬರು: ಸೊಳ್ಳೆ! ಯಾರೂ ಹೇಳಲೇ ಇಲ್ಲ. ಸ್ಪ್ರೇ ಇಲ್ಲದೆ ಕಾರಿಂದ ಇಳಿಯಬೇಡಿ. ಊಟಕ್ಕೆ ಅಲ್ಲಿ ಎಲ್ಲೆಲ್ಲೂ ಪ್ಯಾಸ್ಟಿ ಸಿಗುತ್ತೆ, ಕಾರ್ನ್‌ವಾಲ್‌ನವರು ತಂದದ್ದು. ನೋಡೋಕೆ ದೊಡ್ಡ ಕರ್ಜಿಕಾಯಿ, ಒಳಗೆ ಸಾಮಾನ್ಯವಾಗಿ ದನದ ಮಾಂಸ. ಸಸ್ಯಾಹಾರಿಗಳಾದರೆ ಕೇಳಿ ತೆಗೆದುಕೊಳ್ಳಿ. ಪುಳಿಯೋಗರೆ ಗೊಜ್ಜು, ಪುಟ್ಟ ರೈಸ್ ಕುಕ್ಕರ್ ಇದ್ದರೆ ಯೋಚನೆ ಇಲ್ಲ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮಾರ್ಕೆಟ್‌ನಲ್ಲಿ ರೂಮ್ ಬುಕ್ ಮಾಡಿದೆ. ಕ್ವಿನ್ಸಿ ಒಂದು ದಿನ, ಕ್ಯಾಲ್ಯುಮೆಟ್ ಮಾರನೇ ದಿನ. ಈಗ ಅಮ್ಮ ಫೋನಿನಲ್ಲಿ, ‘ಅವರಿಬ್ಬರೂ ಒಳಗೆ ಹೋದರೆ ನಾನ್ಯಾಕೆ ಹೊರಗಿರಲಿ’ ಅನ್ನುತ್ತಿದ್ದಾರೆ. ಪೂರ್ತಿ ಟಿಕೆಟ್ ಮೂರು ತೆಗೆಯಲಾ, ನಾಲ್ಕಾ?

ಹೋಟನ್‌ನಲ್ಲಿ ಓದಿದವರು: ಕೌಂಟರಿನಲ್ಲಿ ಮಂಡಿನೋವಿನ ವಿಷಯ ಹೇಳಿ, ಒಳಗೆ ಎಷ್ಟು ನಡೆಯಬೇಕು ಅಂತ ಕೇಳಿಕೊಂಡು ತೆಗೆಯಿರಿ. ಗೈಡ್‌ಗಳಲ್ಲಿ ಕಾಲೇಜು ಹುಡುಗರು ಇರುತ್ತಾರೆ, ಸರಿಯಾಗಿ ಹೇಳುತ್ತಾರೆ. ಅಮ್ಮನಿಗೂ ಒಂದು ಜೊತೆ ಶೂ ಇಟ್ಟುಕೊಂಡಿರಿ.