ಗಾಡಿಯ ‘ಹಾಡಿಗೆ’ ನಮ್ಮಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಬಣ್ಣದ ಎತ್ತಿನ ಗಾಡಿಗಳ ಬಗ್ಗೆ ಚಿಕ್ಕಮಗಳೂರಿನ ಶಾಲೆ ಮಕ್ಕಳಿಗೆ ಒಂದು ಪುಟ ಬರೆಯುತ್ತಿದ್ದೇನೆ. ಅಲ್ಲೂ ಕಾಫಿಯದೇ ಕಥೆ. 19ನೇ ಶತಮಾನದ ನಡುವಿನಿಂದ ಈ ಗಾಡಿಗಳು ಕಾಫಿ ಹೇರಿಕೊಂಡು, ಬೆಟ್ಟ ದಾಟಿ ಪುಂತಾರೆನಾಸ್ ಬಂದರಿಗೆ ಹೋಗುತ್ತಿದ್ದವು. 10ರಿಂದ 15 ದಿನದ ದಾರಿ. ನಮ್ಮ ಮೂಟೆಗಳು ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದ ಹಾಗೇ ಅಲ್ವಾ? ಬಣ್ಣ ಬಳಿಯುವುದು 20ನೇ ಶತಮಾನದ ಮೊದಲಲ್ಲಿ ಶುರುವಾಯಿತು. ಆಗ ಸೀಮೆಗೊಂದು ಚಿತ್ತಾರ, ಗಾಲಿ ನೋಡಿಯೇ ಎಲ್ಲಿಯ ಗಾಡಿ ಅಂತ ಹೇಳಬಹುದಿತ್ತು. 2005ರಲ್ಲಿ ಯುನೆಸ್ಕೊ ಇದನ್ನು ಪರಂಪರೆ ಅಂತ ಸಾರಿತು.

ನೊಗ, ಮೂಕಿ, ಅಚ್ಚು ಸಲೀಸಾಗಿ ಬಂದವು. ಆ ಗಾಲಿಗೆ ಅರೆಕಾಲು (ನಡುವಿನ ಕಡ್ಡಿಗಳು) ಇಲ್ಲ, ಕೆಸರು ಸಿಕ್ಕಿಕೊಳ್ಳಬಾರದಲ್ಲ. ‘ತೇರಿನ ಗಾಲಿಯಂಥದ್ದು’ ಅಂತ ಬರೆದೆ. ಬೇಲೂರು ತೇರು ನೋಡಿದವರಿಗೆ ಅಷ್ಟು ಸಾಕು.

ಸಿಕ್ಕಿಬಿದ್ದಿದ್ದು ಸದ್ದಿನಲ್ಲಿ. ಗಾಡಿ ಕುಲುಕಿದಾಗ ಲೋಹದ ಬಳೆಯೊಂದು ಗಾಲಿಯ ಗುಂಬದ (ಅಚ್ಚು ತೂರುವ ನಡುಭಾಗದ) ತಲೆಗೆ ಬಡಿದು ಕಿಣಿಕಿಣಿ ಅನ್ನುತ್ತದೆ. ಒಂದೊಂದು ಗಾಡಿಗೆ ಒಂದೊಂದು ಸದ್ದು, ಬೇಕೆಂದೇ ಕೂರಿಸಿದ್ದು. ಅವರು ಅದನ್ನು ಗಾಡಿಯ ಹಾಡು ಅನ್ನುತ್ತಾರೆ. ನಮ್ಮಲ್ಲಿ ಗಾಡಿ ಸದ್ದಿಗೆ ಇರುವ ಮಾತೆಲ್ಲ ಬರೀ ದೂರು: ಕಿರುಗುಟ್ಟು, ಗಡಗಡ, ಲೊಡಲೊಡ.

ನಮ್ಮ ಅಜ್ಜ ಗಾಡಿ ಕೆಳಗೆ ಬಿದಿರಿನ ಗೊಟ್ಟದಲ್ಲಿ ಕೀಲೆಣ್ಣೆ ತೂಗುಹಾಕಿರುತ್ತಿದ್ದರು. ಸ್ವಲ್ಪ ಕಿರ್ರ್ ಅಂದರೆ ಸಾಕು, ಗಾಡಿ ನಿಲ್ಲಿಸಿ, ಕಡಾಣಿ (ಗಾಲಿ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ಕೀಲು) ಕಿತ್ತು, ಗಾಲಿ ಒಂದಿಷ್ಟು ಹೊರಗೆಳೆದು ಎಣ್ಣೆ ಸವರುತ್ತಿದ್ದರು. ‘ಗಾಲಿ ಅಳ್ತಾ ಇದೆ ಕಣೋ’ ಅನ್ನುತ್ತಿದ್ದರು. ಅವರ ಲೆಕ್ಕದಲ್ಲಿ ಹಾಡುವ ಗಾಡಿ ಅಂದರೆ ಎಣ್ಣೆ ಕಾಣದ ಗಾಡಿ! ಆದರೂ ಗುಂಬ ಕಡಾಣಿಗೆ ತಾಗುವ ಟಕ್ ಟಕ್ ಕೇಳಿಯೇ ಅಜ್ಜಿ ಒಳಗೆ ತಟ್ಟೆ ಹಾಕುತ್ತಿದ್ದರು. ಪಕ್ಕದ ಮನೆಯ ಗಾಡಿ ಬಂದರೆ ಏಳುತ್ತಿರಲಿಲ್ಲ. ಅದಕ್ಕೆ ಅವರ ಹತ್ತಿರ ಹೆಸರೇನೂ ಇರಲಿಲ್ಲ, ಸುಮ್ನೆ ‘ಗಾಡಿ ಸದ್ದು’.

‘ಉಲಿ’ ಹಕ್ಕಿಗಾಯಿತು, ‘ನಾದ’ ಜಾಸ್ತಿ ಆಯಿತು. ವಾದ್ಯ ನುಡಿಯುತ್ತದೆ ಅಂತೀವಲ್ಲ, ಹಾಗೇ ‘ಗಾಲಿ ನುಡಿ’ ಅಂದರೆ ಹೇಗೆ? ನನಗೆ ಅದೇ ಒಪ್ಪಿತ. ಆದರೆ ಮೂಡಿಗೆರೆ, ಸಕಲೇಶಪುರ, ಅರಸೀಕೆರೆ ಕಡೆ ಗಾಡಿ ಹೊಡೆದವರ ಅಥವಾ ಗಾಡಿ ಮಾಡುವ ಆಚಾರ್ರ ಬಾಯಲ್ಲಿ ಇದಕ್ಕೊಂದು ಮಾತು ಇದ್ದರೆ, ನಾನು ಕಟ್ಟಿದ್ದನ್ನು ಈಗಲೇ ಹೊಡೆದುಹಾಕುತ್ತೇನೆ.